ಕರಿಯೆಲೆಯ ಡೇರೆ: ‘ಬಿಷಪ್ ಆಫ್ ಲ್ಯಾಂಡಾಫ್’

ಮಲೆನಾಡಿನಲ್ಲಿ ಹುಟ್ಟಿ ಬೆಳೆದ ನನಗೆ ಡೇರೆ (ಡೇಲಿಯಾ) ಎಂದರೆ ಚೌತಿಯ ಹೊತ್ತಿಗೆ ಅಂಗಳದ ತುಂಬ ಅರಳಿ, ಎಸಳುಗಳ ನಡುವೆ ಮಳೆನೀರು ತುಂಬಿಕೊಂಡು ತಲೆ ಬಾಗಿಸುವ ದೊಡ್ಡ ಹೂವು. ಅದರ ಎಲೆಯನ್ನು ನಾವು ಯಾರೂ ಗಮನಿಸಿದವರಲ್ಲ. ಬ್ರಿಟನ್ನಿನ ವೇಲ್ಸ್‌ನ ಕಾರ್ಡಿಫ್‌ನಲ್ಲಿ ನೆಲೆಸಿದ ಮೇಲೆ, ಮೂರು ವರ್ಷಗಳಿಂದ ಹಿತ್ತಿಲಲ್ಲಿ ಬೆಳೆಸುತ್ತಿರುವ ‘ಬಿಷಪ್ ಆಫ್ ಲ್ಯಾಂಡಾಫ್’ ತಳಿಯನ್ನು ಮಾತ್ರ ನಾನು ಎಲೆಗಾಗಿಯೇ ಮೆಚ್ಚಿಕೊಂಡಿದ್ದೇನೆ.

ಇದು ಈ ಊರಿನದೇ ತಳಿ. ಇಲ್ಲಿನ ನರ್ಸರಿಯ ಫ್ರೆಡ್ ಟ್ರೆಸೆಡರ್ 1924ರಲ್ಲಿ ಇದನ್ನು ಬೆಳೆಸಿದರು. ಆಗ ಕಾರ್ಡಿಫ್‌ನದೇ ಭಾಗವಾದ ಲ್ಯಾಂಡಾಫ್‌ನ ಬಿಷಪ್ ಆಗಿದ್ದ ಜೋಶುವಾ ಪ್ರಿಚರ್ಡ್ ಹ್ಯೂಸ್ ಅವರ ಗೌರವಾರ್ಥವಾಗಿ ಈ ಹೆಸರು ಬಂದಿತು. ಸುಮಾರು ಒಂದು ಮೀಟರ್ ಎತ್ತರದ ಗಿಡ, ಕಡುಗೆಂಪಿನ ಹೂವು. ಎಲೆ ಮಾತ್ರ ಜರೀಗಿಡದಂತೆ ಸೀಳುಸೀಳಾಗಿದ್ದು, ಒಣಗಿಸಿದ ಮುರುಗಲು ಸಿಪ್ಪೆಯ ಕಪ್ಪು ಬಣ್ಣದ್ದು. ಬೆಳಗಿನ ಬಿಸಿಲಿಗೆ ಹಿಡಿದು ನೋಡಿದರೆ ಅದೇ ಕಪ್ಪಿನೊಳಗಿಂದ ಮುರುಗಲು ಪಾನಕದ ಕೆಂಪು ಹೊರಗೆ ಕಾಣುತ್ತದೆ. ಗೋಡೆಯ ನೆರಳಿನಲ್ಲಿ ನೆಟ್ಟ ಗಿಡದ ಎಲೆ ಹಸಿರಿಗೆ ತಿರುಗಿತು. ಆದ್ದರಿಂದ ಪೂರ್ಣ ಬಿಸಿಲಿನ ಜಾಗವಿಲ್ಲದವರಿಗೆ ನಾನು ಇದನ್ನು ಹೇಳುವುದಿಲ್ಲ.

ಗೆಡ್ಡೆ ಕೊಳ್ಳುವಾಗ ಎಚ್ಚರ ಬೇಕು. ಅಂಚೆಯಲ್ಲಿ ತರಿಸಿದ ಮೂರು ಗೆಡ್ಡೆಗಳಲ್ಲಿ ಒಂದರ ಕುತ್ತಿಗೆ ಮುರಿದಿತ್ತು. ಮೊಳಕೆಯ ಕಣ್ಣು ಇರುವುದು ಹಳೆಯ ಕಾಂಡ ಸೇರುವ ಆ ಬುಡದಲ್ಲಿಯೇ ಆದ್ದರಿಂದ, ಕೆಳಗಿನ ಗೆಡ್ಡೆ ಎಷ್ಟು ದಪ್ಪವಿದ್ದರೂ ಅದು ಚಿಗುರಲಿಲ್ಲ. ಅಂಗಡಿಯವರು ಹಣವನ್ನು ಹಿಂದಿರುಗಿಸಿದರಾದರೂ ಆ ವರ್ಷದ ಹಂಗಾಮು ಕಳೆದುಹೋಗಿತ್ತು. ಬೀಜದಿಂದ ಬೆಳೆಸಿದರೆ ಇದೇ ಗಿಡ ಬರುವುದಿಲ್ಲ. ಗೆಡ್ಡೆಯನ್ನೋ ಚಿಗುರಿನ ತುಂಡನ್ನೋ ನೆಡಬೇಕು.

ಊರಿನಲ್ಲಿ ಮೊದಲ ಮಳೆಗೆ ಗೆಡ್ಡೆ ಹೂಳುತ್ತಿದ್ದೆವು. ಇಲ್ಲಿ ಏಪ್ರಿಲ್‌ನಲ್ಲಿ ಒಳಗೆ ಕುಂಡದಲ್ಲಿ ಚಿಗುರಿಸಿ, ಹೆಪ್ಪುಗಟ್ಟುವ ಚಳಿ ಮುಗಿದ ಮೇಲೆ, ಮೇ ಕೊನೆಗೆ ನೆಲಕ್ಕೆ ಇಳಿಸುತ್ತೇನೆ. ಮೂರು ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಿದರೆ ಗಿಡ ಕವಲೊಡೆಯುತ್ತದೆ. ಕಾಂಡ ಟೊಳ್ಳು, ಗಾಳಿಗೆ ಮುರಿಯುವಂಥದ್ದು, ಆಸರೆ ಕೋಲು ಬೇಕೇ ಬೇಕು. ಎಳೆ ಚಿಗುರನ್ನು ಚಿಪ್ಪಿಲ್ಲದ ಬಸವನಹುಳು ರಾತ್ರೋರಾತ್ರಿ ತಿಂದುಬಿಡುವುದರಿಂದ ಮೊದಲ ತಿಂಗಳು ಟಾರ್ಚ್ ಹಿಡಿದು ಹುಳು ಹೆಕ್ಕುವುದು ನನ್ನ ನಿತ್ಯದ ಕೆಲಸ.

ಜುಲೈಯಿಂದ ಅಕ್ಟೋಬರ್‌ವರೆಗೆ ಹೂವು ನಿಲ್ಲುವುದಿಲ್ಲ, ಆದರೆ ಬಾಡಿದ್ದನ್ನು ಕೀಳುತ್ತಿರಬೇಕು: ಉರುಟಾಗಿರುವುದು ಹೊಸ ಮೊಗ್ಗು, ಚೂಪಾಗಿರುವುದು ಬಾಡಿ ಮುಚ್ಚಿಕೊಂಡ ಹೂವು. ತಟ್ಟೆಯಗಲದ ಹೂವನ್ನು ಬಯಸುವವರಿಗೆ ಇದು ನಿರಾಸೆ ತಂದೀತು. ಕೆಲವೇ ಸುತ್ತು ಎಸಳಿದ್ದು ನಡುವಿನ ಹಳದಿ ತೆರೆದೇ ಇರುವುದರಿಂದ ಜೇನ್ನೊಣಗಳು ಮಾತ್ರ ದಿನವಿಡೀ ಬರುತ್ತವೆ; ನಮ್ಮೂರಿನ ಒತ್ತೊತ್ತಾದ ಎಸಳಿನ ಡೇರೆಗೆ ಇಷ್ಟು ಜೇನು ಬಂದದ್ದನ್ನು ನಾನು ಕಂಡಿಲ್ಲ. ಮೊದಲ ಹಿಮಕ್ಕೆ ಗಿಡ ಸುಟ್ಟಂತೆ ಕಪ್ಪಾದಾಗ ಕಾಂಡವನ್ನು ಗೇಣುದ್ದ ಬಿಟ್ಟು ಕತ್ತರಿಸಿ, ಗೆಡ್ಡೆ ಕಿತ್ತು, ಟೊಳ್ಳಿನ ನೀರು ಇಳಿಯುವಂತೆ ತಲೆಕೆಳಗಾಗಿ ಒಣಗಿಸಿ ಇಡುತ್ತೇನೆ. ಎರಡು ಗೆಡ್ಡೆಗಳು ಈಗ ಒಂಬತ್ತಾಗಿವೆ. ಅಮ್ಮನಂತೆ ನಾನೂ ಅವುಗಳನ್ನು ಪಕ್ಕದ ಮನೆಗಳಿಗೆ ಹಂಚಲು ಆರಂಭಿಸಿದ್ದೇನೆ.