ವೈಫೈ ದುರಸ್ತಿಗೆ ಬಂದವರು ‘ಸೆಕ್ಯುರಿಟಿ’ ಮುಟ್ಟಲು ಹೊರಟರೆ ತಡೆಯಿರಿ

ಬಾಗಲಕೋಟೆಯ ನವನಗರದಲ್ಲಿ ಈಗ ಓಣಿ ಓಣಿಗೂ ಫೈಬರ್ ತಂತಿ ಬಂದಿದೆ. ತಂತಿ ಎಳೆಯಲು, ರೂಟರ್ ಕೂರಿಸಲು ಬರುವ ಹುಡುಗರು ಚುರುಕಾಗಿದ್ದಾರೆ, ಮಾತೂ ಚೆನ್ನಾಗಿ ಆಡುತ್ತಾರೆ. ಆದರೆ ಅವರಲ್ಲಿ ಕೆಲವರಿಗೆ ಒಂದು ಕೆಟ್ಟ ಚಾಳಿ ಇದೆ. ಯಾವುದಾದರೂ ಉಪಕರಣ ವೈಫೈಗೆ ಸೇರದಿದ್ದರೆ ಮೊದಲು ಕೈ ಹಾಕುವುದೇ ರೂಟರಿನ ಸೆಕ್ಯುರಿಟಿ ಪುಟಕ್ಕೆ. ಎನ್‌ಕ್ರಿಪ್ಷನ್, ಅಂದರೆ ಗಾಳಿಯಲ್ಲಿ ಹೋಗುವ ಮಾಹಿತಿ ಬೇರೆಯವರಿಗೆ ಅರ್ಥವಾಗದಂತೆ ಮಾಡುವ ಬೀಗವನ್ನು ಇಳಿಸುತ್ತಾರೆ, ಉಪಕರಣ ಹೇಗೋ ಸೇರಿಕೊಳ್ಳುತ್ತದೆ, ದುಡ್ಡು ಪಡೆದು ಹೊರಡುತ್ತಾರೆ. ನಮ್ಮ ಮನೆಯಲ್ಲಿ ನಡೆದದ್ದೂ ಇದೇ. ಸಂಸ್ಥೆಯ ಹೆಸರು ಬರೆಯುತ್ತಿಲ್ಲ. ಈ ಚಾಳಿ ಒಂದೇ ಸಂಸ್ಥೆಯ ಸೊತ್ತಲ್ಲ.

ಇಳಕಲ್ ಸೀರೆ ಮತ್ತು ಗುಳೇದಗುಡ್ಡದ ಖಣದ ಕೆಲವು ವ್ಯಾಪಾರಿಗಳ ಜಿಎಸ್‌ಟಿ ಲೆಕ್ಕವನ್ನು ನಾನು ಮನೆಯಿಂದಲೇ ನೋಡಿಕೊಳ್ಳುತ್ತೇನೆ. ತಿಂಗಳ 20ನೇ ತಾರೀಕು ಹತ್ತಿರವಾದರೆ ಪ್ರಿಂಟರ್‌ಗೆ ಬಿಡುವಿರುವುದಿಲ್ಲ. ಹಳೆಯ ರೂಟರ್ ಸಿಡಿಲಿಗೆ ಸುಟ್ಟು ಹೊಸದು ಬಂದಾಗ ಫೋನುಗಳೂ ಲ್ಯಾಪ್‌ಟಾಪೂ ತಕರಾರಿಲ್ಲದೆ ಸೇರಿದವು. ಪ್ರಿಂಟರ್‌ಗೆ ಮಾತ್ರ ನಮ್ಮ ವೈಫೈ ಹೆಸರೇ ಕಾಣಲಿಲ್ಲ. ದೂರು ಕೊಟ್ಟ ಮೇಲೆ ಹುಡುಗ ಬಂದ. “ಸಾಹೇಬರೇ, ಪ್ರಿಂಟರ್ ಹಳೆಯದು. ಒಂದು ಸೆಟ್ಟಿಂಗ್ ಬದಲಿಸಿದರೆ ಮುಗಿಯಿತು” ಎಂದು ತನ್ನ ಮೊಬೈಲಿನಲ್ಲೇ ರೂಟರ್ ಪುಟ ತೆರೆದ. ನೆನಪಿಗೆ ಸುಲಭವೆಂದು ನನ್ನ ಹತ್ತು ಅಂಕಿಯ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿದ. ರೂಟರಿನ ದೀಪಗಳು ಆರಿ ಮತ್ತೆ ಹೊತ್ತಿಕೊಂಡವು, ಪ್ರಿಂಟರ್ ಪರೀಕ್ಷೆಯ ಹಾಳೆಯನ್ನು ಹೊರಹಾಕಿತು. ಆತ ಏನನ್ನು ಬದಲಿಸಿದ ಎಂದು ಹೇಳಲಿಲ್ಲ.

ಆಮೇಲೆ ಶುರುವಾಯಿತು ನೋಡಿ. ನಮ್ಮದು 100 ಎಂಬಿಪಿಎಸ್ ಯೋಜನೆ. ತಂತಿ ಚುಚ್ಚಿ ಅಳೆದರೆ ಹೆಚ್ಚುಕಡಿಮೆ ಅಷ್ಟೂ ಬರುತ್ತಿತ್ತು. ವೈಫೈಯಲ್ಲಿ ಮಾತ್ರ ರೂಟರಿನ ಪಕ್ಕದಲ್ಲೇ ಕುಳಿತರೂ ಇಪ್ಪತ್ತರ ಆಸುಪಾಸಿನಲ್ಲೇ ತೆವಳುತ್ತಿತ್ತು. ಕಚೇರಿಗೆ ಫೋನ್ ಮಾಡಿದರೆ ಒಮ್ಮೆ ಗೋಡೆ ದಪ್ಪ, ಇನ್ನೊಮ್ಮೆ ಮೊಬೈಲ್ ಹಳೆಯದು. ಸಾಲದ್ದಕ್ಕೆ ಪ್ರಿಂಟರ್ ಕೂಡ ಆಗಾಗ ಮಾಯವಾಗತೊಡಗಿತು. “ರೂಟರ್ ಆಫ್ ಮಾಡಿ ಆನ್ ಮಾಡಿ” ಎಂಬ ಮಂತ್ರ ಕೆಲವೊಮ್ಮೆ ಫಲಿಸುತ್ತಿತ್ತು, ಕೆಲವೊಮ್ಮೆ ಇಲ್ಲ.

ಗುಟ್ಟು ಹೊರಬಿದ್ದದ್ದು ಬೆಳಗಾವಿಯಲ್ಲಿ ಓದುವ ಅಕ್ಕನ ಮಗ ರಜೆಗೆ ಬಂದಾಗ. ಅವನ ಐಫೋನಿನಲ್ಲಿ ನಮ್ಮ ವೈಫೈ ಹೆಸರಿನ ಕೆಳಗೆ ‘ವೀಕ್ ಸೆಕ್ಯುರಿಟಿ’ ಎಂಬ ಸಣ್ಣ ಸಾಲಿತ್ತು. “ಮಾಮಾ, ಇದನ್ನು ಯಾರು ಹೀಗೆ ಮಾಡಿದರು?” ಎಂದು ರೂಟರ್ ಪುಟ ತೆರೆದ. ಒಳಹೋಗುವ ಹೆಸರು ‘ಅಡ್ಮಿನ್’, ಪಾಸ್‌ವರ್ಡೂ ‘ಅಡ್ಮಿನ್’. ಎನ್‌ಕ್ರಿಪ್ಷನ್ ಇದ್ದ ಜಾಗದಲ್ಲಿ ಡಬ್ಲ್ಯುಇಪಿ, ಅಂದರೆ ವೆಪ್. ಸಂಪರ್ಕದಲ್ಲಿರುವ ಉಪಕರಣಗಳ ಪಟ್ಟಿಯಲ್ಲಿ ನಮ್ಮವಲ್ಲದ ಫೋನುಗಳು.

ವೆಪ್ 1997ರ ಮೊದಲ ವೈಫೈ ಮಾನದಂಡದ ಜೊತೆ ಬಂದ ಹಳೆಯ ಎನ್‌ಕ್ರಿಪ್ಷನ್. ಪ್ರತಿ ಪ್ಯಾಕೆಟ್‌ಗೂ (ಮಾಹಿತಿಯ ತುಣುಕಿಗೂ) ಕೀಲಿಯನ್ನು ಬೇರೆಯಾಗಿಸಲು ಅದು ಸೇರಿಸುವ ಸಂಖ್ಯೆ ಕೇವಲ 24 ಬಿಟ್‌ನದು. ಸಂಚಾರ ಹೆಚ್ಚಿದಂತೆ ಅದೇ ಸಂಖ್ಯೆಗಳು ಮರಳಿ ಮರಳಿ ಬರುತ್ತವೆ, ಕೀಲಿಯ ಸುಳಿವು ಗಾಳಿಯಲ್ಲೇ ಸಿಗುತ್ತದೆ. 2001ರಲ್ಲೇ ಸಂಶೋಧಕರು ಇದನ್ನು ಮುರಿಯುವ ದಾರಿ ಪ್ರಕಟಿಸಿದರು. 2007ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನ ಸಂಶೋಧಕರು ಒಂದು ನಿಮಿಷದೊಳಗೆ ಮುರಿದು ತೋರಿಸಿದರು. ಅದರ 64 ಬಿಟ್ ಬಗೆಯ ಕೀಲಿಯನ್ನು ಅಂಕಿಗಳಲ್ಲಿ (0ರಿಂದ 9, ಎಯಿಂದ ಎಫ್) ಕೊಡುವುದಾದರೆ ಸರಿಯಾಗಿ ಹತ್ತು ಬೇಕು. ನಮ್ಮ ಹುಡುಗನಿಗೆ ಮೊಬೈಲ್ ನಂಬರ್ ಅಷ್ಟು ಚೊಕ್ಕವಾಗಿ ಒದಗಿಬಂದದ್ದು ಹೀಗೆ! ಆ ನಂಬರಾದರೋ ನಮ್ಮ ಗೇಟಿನ ಬೋರ್ಡಿನ ಮೇಲೇ ಇದೆ. ಕಳ್ಳನಿಗೆ ಆ ಒಂದು ನಿಮಿಷದ ಶ್ರಮವೂ ಬೇಕಿರಲಿಲ್ಲ. ವೇಗ ಕುಸಿದದ್ದಕ್ಕೂ ಕಾರಣ ಇದೇ. ಹೊಸ ಕಾಲದ ವೈಫೈ ತನ್ನ ಹೆಚ್ಚಿನ ವೇಗಗಳನ್ನು ವೆಪ್ ಜೊತೆ ಕೊಡುವುದಿಲ್ಲ. ಹಳೆಯ 54 ಎಂಬಿಪಿಎಸ್ ಮಿತಿಗೆ ಇಳಿಯುತ್ತದೆ, ಅದರಲ್ಲಿ ಕೈಗೆ ಸಿಗುವುದು ಅರ್ಧಕ್ಕಿಂತ ಕಡಿಮೆ. ಟಿಕೆಐಪಿ ಎಂಬ ಇನ್ನೊಂದು ಹಳೆಯ ಎನ್‌ಕ್ರಿಪ್ಷನ್ ಆಯ್ಕೆಗೂ ಇದೇ ಗತಿ. ಗೋಡೆಯದೇನೂ ತಪ್ಪಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಪುಕ್ಕಟೆ ಇಂಟರ್‌ನೆಟ್ ಬಳಸಿದವರನ್ನು ಬೈದು ಸುಮ್ಮನಾಗುತ್ತಿದ್ದೆ. ಆದರೆ ಅದೇ ವಾರ ಬ್ಯಾಂಕಿನ ತಾಣ ತೆರೆದಾಗ ಬ್ರೌಸರ್ ಕೆಂಪು ಚಿಹ್ನೆ ತೋರಿಸಿ, ಈ ಸಂಪರ್ಕ ಸುರಕ್ಷಿತವಲ್ಲ ಎಂದು ತಡೆದಿತ್ತು. ಸಂಸ್ಥೆಯ ಸಹಾಯವಾಣಿಗೆ ಕೇಳಿದೆ. “ಅದು ಹಾಗೇ ಬರುತ್ತದೆ ಸರ್, ಅಡ್ವಾನ್ಸ್ಡ್ ಒತ್ತಿ ಮುಂದೆ ಹೋಗಿ” ಎಂಬ ಉತ್ತರ ಬಂತು. ನಾನು ಒತ್ತಲಿಲ್ಲ, ಮೊಬೈಲ್ ಡೇಟಾದಲ್ಲಿ ಕೆಲಸ ಮುಗಿಸಿದೆ. ಆಮೇಲೆ ಅಳಿಯ ನೋಡಿದಾಗ ರೂಟರಿನ ಡಿಎನ್‌ಎಸ್ ಜಾಗದಲ್ಲಿ ನಮಗೆ ಇಂಟರ್‌ನೆಟ್ ಕೊಡುವವರದ್ದಲ್ಲದ, ಯಾರದೋ ವಿಳಾಸ ಕುಳಿತಿತ್ತು. ತಾಣದ ಹೆಸರು ಟೈಪ್ ಮಾಡಿದರೆ ಯಾವ ಕಂಪ್ಯೂಟರಿಗೆ ಹೋಗಬೇಕೆಂದು ಹೇಳುವುದು ಡಿಎನ್‌ಎಸ್. ಅದನ್ನು ತಿರುಚಿದವರು ನಮ್ಮನ್ನು ನಕಲಿ ಪುಟಕ್ಕೆ ಕಳಿಸಬಲ್ಲರು. ನಕಲಿ ಪುಟದ ಬಳಿ ಬ್ಯಾಂಕಿನ ಅಸಲಿ ಪ್ರಮಾಣಪತ್ರ ಇರುವುದಿಲ್ಲವಾದ್ದರಿಂದ ಬ್ರೌಸರ್ ಕೂಗಿಕೊಂಡಿತು. ಆ ಕೂಗನ್ನು ದಾಟಿ ಹೋಗಿ ಎಂದು ಹೇಳಿಕೊಟ್ಟ ಸಹಾಯವಾಣಿಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಇಷ್ಟೆಲ್ಲ ಅನಾಹುತಕ್ಕೆ ನೆಪವಾದ ಪ್ರಿಂಟರಿನ ನಿಜವಾದ ರೋಗಕ್ಕೂ ಎನ್‌ಕ್ರಿಪ್ಷನ್‌ಗೂ ಸಂಬಂಧವೇ ಇರಲಿಲ್ಲ. ಭಾರತದಲ್ಲಿ 2.4 ಗಿಗಾಹರ್ಟ್ಸ್ ತರಂಗಪಟ್ಟಿಯ ವೈಫೈಗೆ 1ರಿಂದ 13ರವರೆಗೆ ಚಾನೆಲ್‌ಗಳಿವೆ, ಅಂದರೆ ರೇಡಿಯೊ ಸ್ಟೇಷನ್‌ಗಳಂಥ ಬೇರೆ ಬೇರೆ ಜಾಗಗಳು. ಅಮೆರಿಕದ ಮಾರುಕಟ್ಟೆಯನ್ನು ನೋಡಿ ಮಾಡಿದ ಕೆಲವು ಉಪಕರಣಗಳಿಗೆ 11ರ ಆಚೆ ಕಣ್ಣಿಲ್ಲ. ನಮ್ಮ ರೂಟರ್ ‘ಆಟೋ’ದಲ್ಲಿತ್ತು, ಬಂದ ದಿನ 13ರಲ್ಲಿ ಹೋಗಿ ಕುಳಿತಿತ್ತು. ಹುಡುಗ ವೆಪ್ ಹಾಕಿದಾಗ ರೂಟರ್ ಮರುಚಾಲನೆಗೊಂಡು ಬೇರೆ ಚಾನೆಲ್ ಹಿಡಿಯಿತು. ಯಶಸ್ಸು ಮಾತ್ರ ವೆಪ್ ಖಾತೆಗೆ ಜಮೆಯಾಯಿತು. ಮತ್ತೆ 13ಕ್ಕೆ ಹೋದಾಗಲೆಲ್ಲ ಪ್ರಿಂಟರ್ ಮಾಯ. ಅಳಿಯ ಚಾನೆಲನ್ನು 6ಕ್ಕೆ ನಿಲ್ಲಿಸಿ, ವೆಪ್ ಬದಲು ಡಬ್ಲ್ಯುಪಿಎ2-ಎಇಎಸ್ ಎಂಬ ಬಲವಾದ ಎನ್‌ಕ್ರಿಪ್ಷನ್ ಆರಿಸಿ, ಉದ್ದನೆಯ ಹೊಸ ಪಾಸ್‌ವರ್ಡ್ ಕೊಟ್ಟ. ಪ್ರಿಂಟರ್ ಆ ‘ಹೊಸ ಸೆಕ್ಯುರಿಟಿ’ಯನ್ನು ಚೆನ್ನಾಗಿಯೇ ಅರ್ಥಮಾಡಿಕೊಂಡಿತು. ಅದಕ್ಕೂ ಮೊದಲು ರೂಟರನ್ನು ಕಾರ್ಖಾನೆ ಸ್ಥಿತಿಗೆ ತಂದು ಫರ್ಮ್‌ವೇರ್ (ರೂಟರಿನೊಳಗಿನ ತಂತ್ರಾಂಶ) ಹೊಸದು ಮಾಡಿ, ‘ಅಡ್ಮಿನ್’ ಪಾಸ್‌ವರ್ಡ್ ಬದಲಿಸಿದ್ದ. ಹೀಗೆ ಮಾಡುವ ಮುನ್ನ ಸಂಸ್ಥೆಯಿಂದ ನಿಮ್ಮ ಸಂಪರ್ಕದ ಬಳಕೆದಾರ ಹೆಸರು, ಪಾಸ್‌ವರ್ಡ್ ಕೇಳಿ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಇಂಟರ್‌ನೆಟ್ಟೇ ನಿಂತು, ಅದೇ ಹುಡುಗನನ್ನು ಮತ್ತೆ ಕರೆಯಬೇಕಾಗುತ್ತದೆ.

ಆದ್ದರಿಂದ ಉಪಕರಣ ಸೇರದಿದ್ದರೆ ಮೊದಲು ಅದು ಎಲ್ಲಿ ಮುಗ್ಗರಿಸುತ್ತಿದೆ ನೋಡಿ. ವೈಫೈ ಹೆಸರೇ ಕಾಣದಿದ್ದರೆ ಚಾನೆಲ್ ಅಥವಾ ವೈಫೈಯ ಇನ್ನೊಂದು ತರಂಗಪಟ್ಟಿಯಾದ 5 ಗಿಗಾಹರ್ಟ್ಸ್ ಸಂಗತಿ. ಹಳೆಯ ಪ್ರಿಂಟರ್‌ಗಳಿಗೆ 5 ಗಿಗಾಹರ್ಟ್ಸ್ ಕಾಣುವುದಿಲ್ಲ. ಹೆಸರು ಕಂಡು, ಪಾಸ್‌ವರ್ಡ್ ಕೊಟ್ಟ ಮೇಲೆ ನಿಂತರೆ ಮಾತ್ರ ಎನ್‌ಕ್ರಿಪ್ಷನ್ ಕಡೆ ನೋಡಬೇಕು. ಆಗಲೂ ಹಳೆಯ ಪಾಸ್‌ವರ್ಡನ್ನು ಅಳಿಸಿ ಹೊಸದಾಗಿ ಕೊಟ್ಟು ನೋಡಿ. ರೂಟರಿನಲ್ಲಿ ಬರೀ ಡಬ್ಲ್ಯುಪಿಎ3 (ಡಬ್ಲ್ಯುಪಿಎ2ರ ನಂತರದ ಬಗೆ) ಇದ್ದರೆ ಡಬ್ಲ್ಯುಪಿಎ2-ಎಇಎಸ್‌ಗೆ ಇಳಿಸಬಹುದು, ಅದರ ಕೆಳಗೆ ಬೇಡ. ಸೇರಿದ ಮೇಲೂ ಇಂಟರ್‌ನೆಟ್ ಬರದಿದ್ದರೆ ಐಪಿ ವಿಳಾಸ, ಡಿಎನ್‌ಎಸ್ ಅಥವಾ ಹೊರಗಿನ ತಂತಿಯ ದೋಷ. ಸೆಕ್ಯುರಿಟಿ ಪುಟಕ್ಕೆ ಅಲ್ಲಿ ಕೆಲಸವಿಲ್ಲ. ವೆಪ್ ಬಿಟ್ಟು ಬೇರೇನೂ ಬಾರದ ಉಪಕರಣವಿದ್ದರೆ ತಂತಿಯಲ್ಲೇ ಜೋಡಿಸಿ. ಪಾಸ್‌ವರ್ಡ್ ಟೈಪ್ ಮಾಡದೆ ಗುಂಡಿ ಅಥವಾ ಪಿನ್‌ನಿಂದ ಉಪಕರಣ ಸೇರಿಸುವ ಡಬ್ಲ್ಯುಪಿಎಸ್ ಸೌಲಭ್ಯವನ್ನು ಆಫ್ ಮಾಡಿಬಿಡಿ: ಅದರ ಎಂಟಂಕಿಯ ಪಿನ್ ಎರಡು ತುಂಡಾಗಿ ಪರೀಕ್ಷೆಯಾಗುವುದರಿಂದ ಹೆಚ್ಚೆಂದರೆ 11,000 ಪ್ರಯತ್ನಗಳಲ್ಲಿ ಸಿಕ್ಕಿಬಿಡುತ್ತದೆ ಎಂಬುದು 2011ರಲ್ಲೇ ಬಯಲಾಗಿದೆ.

“ಯಾರೋ ನಾಲ್ಕು ಹುಡುಗರು ವಿಡಿಯೊ ನೋಡಿದರೆ ನೋಡಲಿ ಬಿಡು ತಮ್ಮಾ” ಎಂದರು ಎದುರು ಮನೆಯ ಕಾಕಾ. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಗಳಿಗೆ ಕೆಲವೇ ನಿಮಿಷ ಮೊದಲು ಹೋದ ಬೆದರಿಕೆ ಇಮೇಲಿನ ಜಾಡು ಹಿಡಿದ ಪೊಲೀಸರು ನವಿ ಮುಂಬೈನ ಒಂದು ಮನೆಗೆ ಹೋಗಿದ್ದರು. ಕಳಿಸಿದವರು ಆ ಮನೆಯವರಲ್ಲ, ಅವರ ವೈಫೈಗೆ ನುಗ್ಗಿದವರು. ಇದನ್ನು ಹೇಳಿದ ಮೇಲೆ ಕಾಕಾ ಒಳಗೆ ಹೋಗಿ ತಮ್ಮ ಮೊಬೈಲ್ ತಂದು ನನ್ನ ಕೈಗೆ ಕೊಟ್ಟರು. ಅಲ್ಲೂ ವೆಪ್, ಅಲ್ಲೂ ಮೊಬೈಲ್ ನಂಬರು.

ಆಂಡ್ರಾಯ್ಡ್ ಫೋನಿನಲ್ಲಿ ನೋಡಲು ಸೆಟ್ಟಿಂಗ್ಸ್‌ನ ವೈಫೈಗೆ ಹೋಗಿ, ನಿಮ್ಮ ಹೆಸರಿನ ಪಕ್ಕದ ಹಲ್ಲುಚಕ್ರದ ಗುರುತು ಒತ್ತಿ, ‘ಸೆಕ್ಯುರಿಟಿ’ ಎಂಬ ಸಾಲು ಓದಿ. ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಎಂದಿರಬೇಕು. ವೆಪ್ ಅಥವಾ ‘ನನ್’ (ಯಾವುದೂ ಇಲ್ಲ) ಎಂದಿದ್ದರೆ ಅದನ್ನು ಬದಲಿಸುವವರೆಗೆ ಆ ವೈಫೈಯಲ್ಲಿ ಬ್ಯಾಂಕಿನ ಕೆಲಸ ಬೇಡ. ಹಣ ಆಗಲೇ ಹೋಗಿದ್ದರೆ ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.