ಶೆಲ್ಟರ್ ಕೊಟ್ಟ ‘ನೆಗೆಟಿವ್’ ಚೀಟಿ ನಂಬಿ ಸುಮ್ಮನಿರಬೇಡಿ: ನಮ್ಮ ನಾಯಿ ಗುಂಡನಿಗೆ ಹಾರ್ಟ್‌ವರ್ಮ್ ಬಂದಿದ್ದು ಹೀಗೆ

ಟೆಕ್ಸಾಸ್‌ನ ಹೂಸ್ಟನ್ ಕಡೆ ಇದ್ದು ಶೆಲ್ಟರ್‌ನಿಂದ (ದಿಕ್ಕಿಲ್ಲದ ಪ್ರಾಣಿಗಳನ್ನು ಇಟ್ಟುಕೊಳ್ಳುವ ಜಾಗ) ನಾಯಿ ತರಬೇಕು ಅಂತಿರುವ ಕನ್ನಡದವರು ದಯವಿಟ್ಟು ಇದನ್ನು ಪೂರ್ತಿ ಓದಿ. ಈಗಾಗಲೇ ತಂದಿದ್ದರೆ ಇವತ್ತೇ ಅದರ ಫೈಲ್ ತೆಗೆದು, ಕೊನೆಯ ಹಾರ್ಟ್‌ವರ್ಮ್ ಟೆಸ್ಟ್ ಯಾವ ತಾರೀಕಿನದು ಅಂತ ನೋಡಿ. ಹಾರ್ಟ್‌ವರ್ಮ್ ಅಂದರೆ ಸೊಳ್ಳೆ ಕಚ್ಚಿ ನಾಯಿಗೆ ಅಂಟುವ, ಹೃದಯ ಮತ್ತು ಶ್ವಾಸಕೋಶದ ರಕ್ತನಾಳದಲ್ಲಿ ಬೆಳೆಯುವ ಹುಳು.

ಗುಂಡ ನಮ್ಮ ಮನೆಗೆ ಬಂದಿದ್ದು ಅಕ್ಟೋಬರ್‌ನಲ್ಲಿ. ಸುಮಾರು 2 ವರ್ಷದವನು, ಬೀದಿಯಲ್ಲಿ ಸಿಕ್ಕಿದ್ದನಂತೆ. ಶೆಲ್ಟರ್‌ನವರ ಕಾಗದದಲ್ಲಿ ‘ಹಾರ್ಟ್‌ವರ್ಮ್ ನೆಗೆಟಿವ್’ ಅಂತ ಇತ್ತು. 6 ತಿಂಗಳಿಗೆ ಇನ್ನೊಮ್ಮೆ ಟೆಸ್ಟ್ ಮಾಡಿಸಿ ಅಂತ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಹಾರ್ಟ್‌ವರ್ಮ್ ಬಾರದಿರಲು ತಿಂಗಳಿಗೊಮ್ಮೆ ಕೊಡುವ ಮಾತ್ರೆ ಎರಡು ಸಲ ಕೊಟ್ಟೆವು. ಡಿಸೆಂಬರ್ ಬಂತು, ಚಳಿಯಲ್ಲಿ ಸೊಳ್ಳೆ ಎಲ್ಲಿರುತ್ತದೆ ಅಂದುಕೊಂಡು ಮೂರು ತಿಂಗಳು ಬಿಟ್ಟೆವು. ಇಲ್ಲಿ ಜನವರಿಯಲ್ಲೂ ದಿನಗಟ್ಟಲೆ ಬೆಚ್ಚಗಿರುತ್ತದೆ, ಸೊಳ್ಳೆಯೂ ಇರುತ್ತದೆ. ಅದು ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ಮುಂದಿನ ಆಗಸ್ಟ್‌ನಲ್ಲಿ ಒಂದು ಸಂಜೆ ಚೆಂಡು ತರಲು ಓಡಿದವನು ಅರ್ಧದಲ್ಲೇ ನಿಂತುಬಿಟ್ಟ. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಒಣ ಕೆಮ್ಮು. ಧೂಳಿರಬೇಕು ಅಂತ ಇನ್ನೂ ಎರಡು ವಾರ ಕಳೆದೆವು.

ಡಾಕ್ಟರ್ ಸ್ವಲ್ಪ ರಕ್ತ ತೆಗೆದು ಆ್ಯಂಟಿಜನ್ ಟೆಸ್ಟ್ ಹಾಕಿದರು. ಹತ್ತೇ ನಿಮಿಷ, ಪಾಸಿಟಿವ್. ಖಾತ್ರಿಗೆ ಲ್ಯಾಬ್‌ಗೂ ಕಳಿಸಿದರು. ಆಮೇಲೆ ಒಂದು ಹನಿ ರಕ್ತ ಮೈಕ್ರೋಸ್ಕೋಪಿಗೆ ಇಟ್ಟು ನನ್ನನ್ನೂ ಕರೆದು ತೋರಿಸಿದರು. ಕೆಂಪು ಕಣಗಳ ನಡುವೆ ಮರಿಹುಳುಗಳು ಒದ್ದಾಡುತ್ತಿದ್ದವು. ಅವಕ್ಕೆ ಮೈಕ್ರೋಫೈಲೇರಿಯಾ ಅನ್ನುತ್ತಾರೆ. ಎಕ್ಸ್‌ರೇಯಲ್ಲಿ ಶ್ವಾಸಕೋಶಕ್ಕೆ ಹೋಗುವ ರಕ್ತನಾಳ ದಪ್ಪಗಾಗಿತ್ತು.

ಹಾಗಾದರೆ ಆ ನೆಗೆಟಿವ್ ಸುಳ್ಳೇ ಅಂತ ಕೇಳಿದೆ. ಸುಳ್ಳಲ್ಲ ಅಂದರು ಡಾಕ್ಟರ್. ಸೊಳ್ಳೆ ಕಚ್ಚಿದಾಗ ಒಳಗೆ ಹೋಗುವ ಲಾರ್ವಾ (ಎಳೆಯ ಹುಳು) ಬೆಳೆದು ದೊಡ್ಡ ಹುಳುವಾಗಲು 6ರಿಂದ 7 ತಿಂಗಳು ಬೇಕು. ಹೆಣ್ಣು ಹುಳು 25-30 ಸೆಂ.ಮೀ. ಉದ್ದ ಬೆಳೆದು, ನಾಯಿಯೊಳಗೆ 5-7 ವರ್ಷ ಬದುಕುತ್ತದೆ. ಆ್ಯಂಟಿಜನ್ ಟೆಸ್ಟ್ ಹಿಡಿಯುವುದು ಬೆಳೆದ ಹೆಣ್ಣು ಹುಳು ರಕ್ತಕ್ಕೆ ಬಿಡುವ ಪ್ರೋಟೀನನ್ನು. ಹುಳು ಇನ್ನೂ ಎಳೆಯದಾಗಿದ್ದರೆ, ಬರೀ ಗಂಡೇ ಇದ್ದರೆ, ಒಂದೋ ಎರಡೋ ಇದ್ದರೆ ಟೆಸ್ಟ್‌ಗೆ ಸಿಗದೇ ಹೋಗಬಹುದು. ಅಂದರೆ ಇವತ್ತಿನ ನೆಗೆಟಿವ್ 6 ತಿಂಗಳ ಹಿಂದಿನ ಸುದ್ದಿ. ಗುಂಡನಿಗೆ ಬೀದಿಯಲ್ಲಿದ್ದಾಗಲೇ ಅಂಟಿತ್ತೋ, ನಾವು ಮಾತ್ರೆ ಬಿಟ್ಟ ಚಳಿಗಾಲದಲ್ಲೋ, ಈಗ ಹೇಳಲಾಗುವುದಿಲ್ಲ. ಏಪ್ರಿಲ್‌ನಲ್ಲಿ ಟೆಸ್ಟ್ ಮಾಡಿಸಿದ್ದರೆ ಕೆಮ್ಮು ಬರುವ ಮೊದಲೇ ಗೊತ್ತಾಗಬಹುದಿತ್ತು. ನನಗೆ ತಡೆಯಲಾಗದಿರುವುದು ಇದೇ.

ಇದೇನು ಅಪರೂಪದ ಕಾಯಿಲೆಯೂ ಅಲ್ಲ. ಅಮೆರಿಕದ 50 ರಾಜ್ಯಗಳಲ್ಲೂ ಇದೆ. 10 ಲಕ್ಷಕ್ಕೂ ಹೆಚ್ಚು ನಾಯಿಗಳಿಗೆ ಇದೆ ಅಂತ ಅಮೆರಿಕನ್ ಹಾರ್ಟ್‌ವರ್ಮ್ ಸೊಸೈಟಿಯ ಅಂದಾಜು. ಮಿಸಿಸಿಪಿ, ಲೂಸಿಯಾನ, ನಮ್ಮ ಟೆಕ್ಸಾಸ್, ಈ ಕರಾವಳಿ ಪಟ್ಟಿಯಲ್ಲಿ ತುಂಬಾ ಜಾಸ್ತಿ.

ಮಾತ್ರೆ ಸೊಳ್ಳೆ ಕಚ್ಚುವುದನ್ನು ತಡೆಯುವುದಿಲ್ಲ, ಹಿಂದಿನ ತಿಂಗಳು ಒಳಗೆ ಹೋದ ಲಾರ್ವಾವನ್ನು ಕೊಲ್ಲುತ್ತದೆ ಅಷ್ಟೇ. ಸುಮಾರು ಎರಡು ತಿಂಗಳು ದಾಟಿ ಬೆಳೆದ ಹುಳುವಿನ ಮೇಲೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಮಧ್ಯೆ ಬಿಟ್ಟುಹೋಗಿದ್ದರೆ ನೀವಾಗಿಯೇ ಮತ್ತೆ ಶುರು ಮಾಡದೆ ಮೊದಲು ಡಾಕ್ಟರ್‌ಗೆ ಹೇಳಿ ಟೆಸ್ಟ್ ಮಾಡಿಸಿ. ರಕ್ತದಲ್ಲಿ ಮರಿಹುಳು ತುಂಬಾ ಇದ್ದಾಗ ಕೆಲವು ಮಾತ್ರೆಯಿಂದ ನಾಯಿ ಶಾಕ್‌ಗೆ, ಅಂದರೆ ರಕ್ತದೊತ್ತಡ ಕುಸಿಯುವ ಸ್ಥಿತಿಗೆ, ಹೋಗಬಹುದು. ದನಕ್ಕೆ ಕೊಡುವ ಹುಳುವಿನ ಔಷಧಿ ಐವರ್ಮೆಕ್ಟಿನ್ ತಂದು ಅಳತೆ ಗೊತ್ತಿಲ್ಲದೆ ಕೊಡುವವರಿದ್ದಾರೆ. ದಯವಿಟ್ಟು ಬೇಡ, ಕಾಲಿ (Collie, ಕುರಿ ಕಾಯುವ ನಾಯಿ) ತಳಿಯ ನಾಯಿಗಂತೂ ಪ್ರಾಣಕ್ಕೇ ಬರಬಹುದು.

ಚಿಕಿತ್ಸೆಯಲ್ಲಿ ಮೊದಲು 4 ವಾರ ಡಾಕ್ಸಿಸೈಕ್ಲಿನ್ ಅನ್ನುವ ಆ್ಯಂಟಿಬಯೋಟಿಕ್. ಒಂದು ತಿಂಗಳು ಬಿಟ್ಟು ಸೊಂಟದ ಸ್ನಾಯುವಿಗೆ, ಬೆಳೆದ ಹುಳುವನ್ನು ಕೊಲ್ಲುವ ಮೆಲಾರ್ಸೊಮೈನ್ ಇಂಜೆಕ್ಷನ್. ಇನ್ನೊಂದು ತಿಂಗಳಾದ ಮೇಲೆ ಸಾಲಾಗಿ ಎರಡು ದಿನ, ದಿನಕ್ಕೊಂದರಂತೆ ಮತ್ತೆರಡು. ಆರ್ಸೆನಿಕ್ ಇರುವ ಔಷಧಿ ಅದು, ಚುಚ್ಚಿದ ಜಾಗ ಮುಟ್ಟಿದರೂ ಗುಂಡ ಕುಂಯ್ ಅನ್ನುತ್ತಿದ್ದ. ಸತ್ತ ಹುಳು ಚೂರಾಗಿ ಶ್ವಾಸಕೋಶದ ನಾಳಕ್ಕೆ ಸಿಕ್ಕಿಕೊಳ್ಳುತ್ತದೆ, ಆಗ ನಾಯಿ ಓಡಿದರೆ ಜೀವಕ್ಕೇ ಅಪಾಯ. ಹಾಗಾಗಿ ತಿಂಗಳುಗಟ್ಟಲೆ ಓಟವಿಲ್ಲ, ಮೆಟ್ಟಿಲಿಲ್ಲ, ಹಗಲೆಲ್ಲ ಕ್ರೇಟ್ (ನಾಯಿಯ ಗೂಡು). ಬಾಗಿಲು ಬಡಿದ ಸದ್ದಿಗೆ ಅವನು ಜಿಗಿದರೆ ನಮ್ಮ ಎದೆ ಹೊಡೆದುಕೊಳ್ಳುತ್ತಿತ್ತು. ಖರ್ಚು ಸಾವಿರಾರು ಡಾಲರ್ ಆಯಿತು, ಆದರೆ ನೆನಪಿರುವುದು ಅದಲ್ಲ, ಕ್ರೇಟ್ ಒಳಗಿಂದ ಅವನು ಚೆಂಡನ್ನೇ ನೋಡುತ್ತಿದ್ದದ್ದು.

ಊರಿನವರಿಗೂ ಒಂದು ಮಾತು. ಭಾರತದಲ್ಲಿ ಈ ಹುಳು ಈಶಾನ್ಯ ರಾಜ್ಯಗಳಲ್ಲಿ ಹೆಚ್ಚು. ದಕ್ಷಿಣದಲ್ಲಿ ಜಾಸ್ತಿ ಸಿಗುವುದು ಇದರ ಜಾತಿಯದೇ ಇನ್ನೊಂದು, ಡೈರೊಫೈಲೇರಿಯಾ ರೆಪೆನ್ಸ್, ಚರ್ಮದಡಿ ಇರುವಂಥದ್ದು. ಎರಡರ ಮರಿಯೂ ರಕ್ತದಲ್ಲಿ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಮೈಕ್ರೋಸ್ಕೋಪಿನಲ್ಲಿ ಹುಳು ಕಂಡಿತು ಅಂದರೆ ಅಷ್ಟಕ್ಕೇ ನಿಲ್ಲಿಸದೆ, ಯಾವ ಹುಳು ಅಂತ ತಿಳಿಯಲು ಆ್ಯಂಟಿಜನ್ ಟೆಸ್ಟ್ ಅಥವಾ ಪಿಸಿಆರ್ (ಹುಳುವಿನ ಡಿಎನ್‌ಎ ನೋಡುವ ಟೆಸ್ಟ್) ಕೇಳಿ.

ಕೊನೆಯ ಇಂಜೆಕ್ಷನ್ ಆಗಿ 9 ತಿಂಗಳಿಗೆ ಮತ್ತೆ ಆ್ಯಂಟಿಜನ್ ಟೆಸ್ಟ್ ಮಾಡಬೇಕು. ಗುಂಡನದು ಮುಂದಿನ ತಿಂಗಳು. ಕೆಮ್ಮು ನಿಂತಿದೆ, ಊಟ ಚೆನ್ನಾಗಿ ಮಾಡುತ್ತಾನೆ. ಪ್ರತಿ ತಿಂಗಳ ಒಂದನೇ ತಾರೀಕು ಮಾತ್ರೆ ಕೊಟ್ಟು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇವೆ, ಡಿಸೆಂಬರ್‌ನಲ್ಲೂ.