ಅಮೆರಿಕ ವೀಸಾ ಇದ್ದರೂ ಯುರೋಪಿನಲ್ಲಿ ಎರಡು ಕಡೆ ಇಳಿಯುವ ಟಿಕೆಟ್ ತಗೋಬೇಡಿ

ಅಪ್ಪ ಅಮ್ಮನನ್ನು ಅಮೆರಿಕಕ್ಕೋ ಕೆನಡಾಕ್ಕೋ ಕಳಿಸುವವರು ಟಿಕೆಟ್‌ಗೆ ದುಡ್ಡು ಕಟ್ಟುವ ಮೊದಲು ದಯವಿಟ್ಟು ಇದನ್ನು ಓದಿ. ದಾರಿಯಲ್ಲಿ ಫ್ರಾಂಕ್‌ಫರ್ಟ್, ಪ್ಯಾರಿಸ್, ಲಿಸ್ಬನ್, ಆಮ್‌ಸ್ಟರ್‌ಡ್ಯಾಮ್, ಜ್ಯೂರಿಕ್ ಇಂಥ ಊರುಗಳಲ್ಲಿ ಒಂದೇ ಒಂದು ಬಂದರೆ ಒಂದು ಲೆಕ್ಕ. ಎರಡು ಬಂದರೆ ಪೂರ್ತಿ ಬೇರೆ ಲೆಕ್ಕ. ಇದು ಗೊತ್ತಿಲ್ಲದ (ಅಥವಾ ಗೊತ್ತಿದ್ದೂ ಹೇಳದ) ಒಬ್ಬ ಏಜೆಂಟ್‌ನಿಂದಾಗಿ ನಮ್ಮ ಅಪ್ಪ ಅಮ್ಮ ಬೆಂಗಳೂರು ಏರ್‌ಪೋರ್ಟ್‌ನಿಂದಲೇ ವಾಪಸ್ ಬರಬೇಕಾಯಿತು.

ಆಗಿದ್ದು ಇಷ್ಟು. ತಂಗಿ ಬಾಸ್ಟನ್‌ನಲ್ಲಿದ್ದಾಳೆ. ಅಪ್ಪ ಅಮ್ಮ ಇಬ್ಬರಿಗೂ ಅಮೆರಿಕದ ವಿಸಿಟರ್ ವೀಸಾ ಇತ್ತು, ಹತ್ತು ವರ್ಷದ್ದು. ಏಜೆಂಟ್ ಕೊಟ್ಟ ಟಿಕೆಟ್ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಲಿಸ್ಬನ್, ಲಿಸ್ಬನ್‌ನಿಂದ ಬಾಸ್ಟನ್. ಬೇರೆ ಟಿಕೆಟ್‌ಗಳಿಗಿಂತ ಸಾಕಷ್ಟು ಅಗ್ಗ. ನಾನು ಫೋನಿನಲ್ಲಿ ನೇರವಾಗಿಯೇ ಕೇಳಿದ್ದೆ, ಯುರೋಪಿನಲ್ಲಿ ಎರಡು ಸಲ ವಿಮಾನ ಬದಲಾಯಿಸಬೇಕಲ್ಲ, ಅದಕ್ಕೆ ವೀಸಾ ಏನಾದ್ರೂ ಬೇಕಾ ಅಂತ. "ಅಮೆರಿಕ ವೀಸಾ ಇದ್ರೆ ಟ್ರಾನ್ಸಿಟ್ ವೀಸಾ ಬೇಕಿಲ್ಲ ಸರ್, ದಿನಾ ಕಳಿಸ್ತೀವಿ, ಆರಾಮಾಗಿರಿ" ಅಂದರು. ವಾಟ್ಸಾಪ್‌ನಲ್ಲೂ ಅದನ್ನೇ ಬರೆದು ಕಳಿಸಿದರು. ಆ ಮೆಸೇಜ್ ಮುಂದೆ ಕೆಲಸಕ್ಕೆ ಬಂತು, ಅದನ್ನು ಆಮೇಲೆ ಹೇಳುತ್ತೇನೆ.

ಅಪ್ಪ ಅಮ್ಮ ದಾವಣಗೆರೆಯಿಂದ ಕಾರಿನಲ್ಲಿ ಬಂದು, ಮಧ್ಯರಾತ್ರಿ ಚೆಕ್-ಇನ್ ಕ್ಯೂನಲ್ಲಿ ನಿಂತರು. ಕೌಂಟರ್‌ನಲ್ಲಿದ್ದ ಹುಡುಗಿ ಪಾಸ್‌ಪೋರ್ಟ್ ತಿರುವಿ ನೋಡಿ, "ಅಂಕಲ್, ಷೆಂಗೆನ್ ವೀಸಾ ಎಲ್ಲಿದೆ?" ಅಂದಳು. ಅಪ್ಪ ಅಮೆರಿಕದ ವೀಸಾ ತೋರಿಸಿದರು. ಅದಲ್ಲ, ಇನ್ನೊಂದು ಬೇಕು ಅಂದಳು. ನಾನು ಹೊರಗಡೆ ಗೇಟ್ ಹತ್ತಿರ ನಿಂತಿದ್ದೆ, ಒಳಗೆ ಬಿಡುವುದಿಲ್ಲ, ಫೋನಿನಲ್ಲೇ ಮಾತು. ಅವರ ಸೂಪರ್‌ವೈಸರ್ ಬಂದು, ಕಂಪ್ಯೂಟರ್‌ನಲ್ಲಿ ನೋಡಿ, ಪಾಪ, ಸಮಾಧಾನವಾಗಿಯೇ ವಿವರಿಸಿದರು. ಏಜೆಂಟ್ ಫೋನ್ ಸ್ವಿಚ್ ಆಫ್. ಕೊನೆಗೆ ನಾಲ್ಕು ಸೂಟ್‌ಕೇಸ್ ತಳ್ಳಿಕೊಂಡು ಇಬ್ಬರೂ ಹೊರಗೆ ಬಂದರು. ಅಮ್ಮನಿಗೆ ವಿಮಾನ ತಪ್ಪಿದ್ದಕ್ಕಿಂತ, ಅಷ್ಟು ಜನರ ಮುಂದೆ ಏನೋ ತಪ್ಪು ಮಾಡಿದವರ ಹಾಗೆ ಪಕ್ಕಕ್ಕೆ ನಿಲ್ಲಿಸಿದರು ಅನ್ನೋದೇ ಜಾಸ್ತಿ ಬೇಜಾರು.

ಈಗ ವಿಷಯಕ್ಕೆ ಬರುತ್ತೇನೆ. ಏಜೆಂಟ್ ಹೇಳಿದ್ದರಲ್ಲಿ ಅರ್ಧ ನಿಜ ಇತ್ತು, ಅದೇ ಅಪಾಯ. ಷೆಂಗೆನ್ ಅಂದರೆ ಯುರೋಪಿನ 29 ದೇಶಗಳ ಗುಂಪು. ಬಲ್ಗೇರಿಯಾ, ರೊಮೇನಿಯಾ 2025ರ ಜನವರಿಯಲ್ಲಿ ಪೂರ್ತಿಯಾಗಿ ಸೇರಿದವು. ಈ ದೇಶಗಳ ನಡುವೆ ಪಾಸ್‌ಪೋರ್ಟ್ ನೋಡುವ ಗಡಿ ಇಲ್ಲ. ಹಾಗಾಗಿ ಫ್ರಾಂಕ್‌ಫರ್ಟ್‌ನಿಂದ ಲಿಸ್ಬನ್‌ಗೆ ಹೋಗುವುದು ಅಂದರೆ ನಮ್ಮಲ್ಲಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹಾರಿದ ಹಾಗೆ, ಒಳನಾಡಿನ ವಿಮಾನ. ಅದು ಹೊರಡುವುದು ಷೆಂಗೆನ್ ಭಾಗದ ಗೇಟ್‌ಗಳಿಂದ. ಬೆಂಗಳೂರಿನಿಂದ ಬಂದವರು ಆ ಭಾಗಕ್ಕೆ ಹೋಗಬೇಕಾದರೆ ಇಮಿಗ್ರೇಷನ್ ದಾಟಲೇಬೇಕು. ದಾಟಿದ ತಕ್ಷಣ ನೀವು ಕಾನೂನಿನ ಲೆಕ್ಕದಲ್ಲಿ ಜರ್ಮನಿಯೊಳಗೆ ಕಾಲಿಟ್ಟಿದ್ದೀರಿ. ಎರಡು ಗಂಟೆ ಇರುತ್ತೀರೋ ಎರಡು ವಾರ ಇರುತ್ತೀರೋ ಯಾರೂ ಕೇಳುವುದಿಲ್ಲ, ಷೆಂಗೆನ್ ವೀಸಾ ಬೇಕು ಅಷ್ಟೇ.

ಟ್ರಾನ್ಸಿಟ್ ವೀಸಾ ಅನ್ನೋದು ಬೇರೆಯದೇ. ಅದರ ಮೇಲೆ "ಎ" ಅಂತ ಇರುತ್ತದೆ. ಏರ್‌ಪೋರ್ಟ್‌ನ ಅಂತರರಾಷ್ಟ್ರೀಯ ಭಾಗದೊಳಗೇ ಒಂದು ವಿಮಾನದಿಂದ ಇನ್ನೊಂದಕ್ಕೆ ಹೋಗಲಿಕ್ಕೆ ಮಾತ್ರ ಅದು. ಅದನ್ನು ಭಾರತೀಯರಿಂದ ಯಾವ ದೇಶ ಕೇಳುತ್ತದೆ, ಯಾವುದು ಕೇಳುವುದಿಲ್ಲ ಅನ್ನೋದು ದೇಶದಿಂದ ದೇಶಕ್ಕೆ ಬೇರೆ, ಆಗಾಗ ಬದಲಾಗುತ್ತಲೂ ಇರುತ್ತದೆ, ಆಯಾ ದೇಶದ ರಾಯಭಾರ ಕಚೇರಿಯ ವೆಬ್‌ಸೈಟ್‌ನಲ್ಲೇ ನೋಡಬೇಕು. ಅಮೆರಿಕ, ಕೆನಡಾ, ಜಪಾನ್ ವೀಸಾ ಚಾಲ್ತಿಯಲ್ಲಿದ್ದವರಿಗೆ ಈ "ಎ" ವೀಸಾದಿಂದ ವಿನಾಯಿತಿ ಇದೆ. ಏಜೆಂಟ್ ಹೇಳಿದ್ದು ಇದನ್ನೇ. ಬೆಂಗಳೂರು, ಫ್ರಾಂಕ್‌ಫರ್ಟ್, ಬಾಸ್ಟನ್ ಅಂತ ಟಿಕೆಟ್ ಇದ್ದಿದ್ದರೆ ಅವರ ಮಾತು ಸರಿ. ಆದರೆ ಅವರು ಮಾರಿದ್ದು ಆ ಟಿಕೆಟ್ ಅಲ್ಲವಲ್ಲ! ಅಮೆರಿಕದ ವೀಸಾ ನಿಮ್ಮನ್ನು ಆ ಅಂತರರಾಷ್ಟ್ರೀಯ ಭಾಗದಲ್ಲಿ ಕೂರಿಸುತ್ತದೆ, ಅಲ್ಲಿಂದ ಆಚೆ ದಾಟಿಸುವುದಿಲ್ಲ.

"ಅಲ್ಲಿ ಹೋಗಿ ಮಾತಾಡಿಕೊಂಡರೆ ಆಗುತ್ತಿತ್ತೇನೋ, ಇಲ್ಲೇ ಯಾಕೆ ತಡೆದರು" ಅಂತ ನಮ್ಮ ಚಿಕ್ಕಪ್ಪ ಇನ್ನೂ ವಾದ ಮಾಡುತ್ತಾರೆ. ಆಗಲ್ಲ. ಸರಿಯಾದ ಕಾಗದ ಇಲ್ಲದವರನ್ನು ಕರೆದುಕೊಂಡು ಹೋದರೆ ಏರ್‌ಲೈನ್‌ಗೆ ದಂಡ ಬೀಳುತ್ತದೆ. ಯುರೋಪಿಯನ್ ಒಕ್ಕೂಟದ 2001ರ ನಿಯಮದ ಪ್ರಕಾರ ತಲೆಗೆ ಸಾವಿರಾರು ಯೂರೋ ದಂಡ, ಜೊತೆಗೆ ವಾಪಸ್ ಕರೆತರುವ ಖರ್ಚೂ ಅವರದೇ. ಕೌಂಟರ್‌ನವರು ಟಿಮ್ಯಾಟಿಕ್ ಅನ್ನೋ ವ್ಯವಸ್ಥೆಯಲ್ಲಿ ನಿಮ್ಮ ಪಾಸ್‌ಪೋರ್ಟ್, ವೀಸಾ, ದಾರಿ ಎಲ್ಲಾ ಹಾಕಿ ನೋಡುತ್ತಾರೆ. ಅದು ಬೇಡ ಅಂದರೆ ಬೇಡ. ಅಳು, ಕೋಪ, ಪರಿಚಯ ಯಾವುದೂ ನಡೆಯುವುದಿಲ್ಲ. ನಿಜ ಹೇಳಬೇಕೆಂದರೆ ಆ ಹುಡುಗಿ ತಡೆದಿದ್ದೇ ಒಳ್ಳೆಯದಾಯಿತು. ಅಪ್ಪನಿಗೆ ಶುಗರ್ ಬೇರೆ ಇದೆ, ಫ್ರಾಂಕ್‌ಫರ್ಟ್‌ನಲ್ಲಿ ಸಿಕ್ಕಿಕೊಂಡಿದ್ದರೆ ಊಹಿಸಿಕೊಳ್ಳಲಿಕ್ಕೂ ಆಗಲ್ಲ.

ಹಾಗಾದರೆ ಷೆಂಗೆನ್ ವೀಸಾ ಮಾಡಿಸಿಕೊಂಡೇ ಹೋಗಬಹುದಲ್ಲ ಅಂತೀರಾ? ಹೋಗಬಹುದು. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೋ, ಅದರ ಮೇಲೆ ಅರ್ಜಿ ಕೇಂದ್ರದವರ ಚಾರ್ಜು, ಇನ್ಶೂರೆನ್ಸ್, ಬ್ಯಾಂಕ್ ಕಾಗದ, ಅಪಾಯಿಂಟ್‌ಮೆಂಟ್‌ಗೆ ಕಾಯುವುದು. ಟಿಕೆಟ್‌ನಲ್ಲಿ ಉಳಿದ ದುಡ್ಡು ಅಲ್ಲಿಗೇ ಮುಗಿಯಿತು. ಸುಮ್ನೆ ವಿಮಾನ ಬದಲಾಯಿಸುವುದಕ್ಕೆ ಇಷ್ಟೆಲ್ಲಾ ಯಾಕೆ?

ಇದೇ ಜಾತಿಯ ಇನ್ನೊಂದು ಗುಂಡಿ ಇದೆ. ಒಂದೇ ಟಿಕೆಟ್ ಅಂತ ತೋರಿಸಿ ಒಳಗೆ ಎರಡು ಬೇರೆ ಬೇರೆ ಬುಕಿಂಗ್ ಜೋಡಿಸಿ ಮಾರುವ ವೆಬ್‌ಸೈಟ್‌ಗಳಿವೆ. "ಸೆಲ್ಫ್ ಟ್ರಾನ್ಸ್‌ಫರ್" ಅಂತ ಎಲ್ಲೋ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದರ ಅರ್ಥ, ನಿಮ್ಮ ಸೂಟ್‌ಕೇಸ್ ಕೊನೆಯ ಊರಿಗೆ ತಾನಾಗಿ ಹೋಗುವುದಿಲ್ಲ. ನೀವೇ ಬೆಲ್ಟ್‌ನಿಂದ ಎತ್ತಿಕೊಂಡು, ಕಸ್ಟಮ್ಸ್ ದಾಟಿ ಹೊರಗೆ ಬಂದು, ಮತ್ತೆ ಚೆಕ್-ಇನ್ ಮಾಡಬೇಕು. ಬೆಲ್ಟ್ ಇರುವುದು ಇಮಿಗ್ರೇಷನ್‌ನ ಆಚೆ. ಅಂದರೆ ಯುರೋಪಿನಲ್ಲಿ ಒಂದೇ ಊರು ಇದ್ದರೂ ವೀಸಾ ಬೇಕಾಯಿತು! ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೇ ಏರ್‌ಲೈನ್‌ಗೆ ನಿಮ್ಮ ಬಗ್ಗೆ ಯಾವ ಹೊಣೆಯೂ ಇಲ್ಲ. ಲಂಡನ್‌ನ ಹೀಥ್ರೂನಲ್ಲಿ ಇಳಿದು ಗ್ಯಾಟ್‌ವಿಕ್‌ನಿಂದ ಹೊರಡುವ, ಪ್ಯಾರಿಸ್‌ನ ದೊಡ್ಡ ಏರ್‌ಪೋರ್ಟ್‌ನಲ್ಲಿ ಇಳಿದು ಓರ್ಲಿಯಿಂದ ಹೊರಡುವ ಟಿಕೆಟ್‌ಗಳೂ ಬರುತ್ತವೆ. ಊರಿನ ಹೆಸರು ಒಂದೇ, ಏರ್‌ಪೋರ್ಟ್ ಬೇರೆ, ರಸ್ತೆಗೆ ಇಳಿಯಲೇಬೇಕು. ಮೂರಕ್ಷರದ ಕೋಡ್ ಎರಡೂ ಕಡೆ ಒಂದೇನಾ ನೋಡಿ.

ಷೆಂಗೆನ್ ವೀಸಾ ಕೈಯಲ್ಲಿದ್ದವರೂ ನಿಶ್ಚಿಂತೆಯಿಂದ ಇರಬೇಡಿ. ಆಫೀಸಿನ ಗೆಳೆಯರೊಬ್ಬರು ಸ್ವಿಟ್ಜರ್ಲೆಂಡ್ ನೋಡಿಕೊಂಡು, ಅಲ್ಲಿಂದ ಲಂಡನ್‌ನಲ್ಲಿರುವ ಅಕ್ಕನ ಮನೆಗೆ ಹೋಗಿ, ಆಮ್‌ಸ್ಟರ್‌ಡ್ಯಾಮ್ ಮತ್ತು ಮ್ಯೂನಿಕ್ ಮೇಲೆ ಬೆಂಗಳೂರಿಗೆ ಬರುವ ಟಿಕೆಟ್ ಮಾಡಿಸಿದ್ದರು. ವೀಸಾ ಸಿಂಗಲ್ ಎಂಟ್ರಿ. ಲಂಡನ್‌ಗೆ ಹೋದಾಗಲೇ ಆ ಒಂದು ಎಂಟ್ರಿ ಮುಗಿದುಹೋಗಿತ್ತು, ಬ್ರಿಟನ್ ಷೆಂಗೆನ್ ಅಲ್ಲವಲ್ಲ. ಆಮ್‌ಸ್ಟರ್‌ಡ್ಯಾಮ್‌ನಿಂದ ಮ್ಯೂನಿಕ್‌ಗೆ ಹೋಗಬೇಕಾದರೆ ಮತ್ತೆ ಒಳಗೆ ಬಂದ ಹಾಗೆ, ಎರಡನೇ ಎಂಟ್ರಿ. ಲಂಡನ್‌ನಲ್ಲೇ ಬೋರ್ಡಿಂಗ್ ಕೊಡಲಿಲ್ಲ. ನೇರ ವಿಮಾನಕ್ಕೆ ಆ ದಿನದ ರೇಟ್ ಕೊಟ್ಟು ಬಂದರು. ಸ್ಟಿಕರ್‌ನಲ್ಲಿ ಎಂಟ್ರಿ ಅಂತ ಇರುವ ಕಡೆ 1 ಇದೆಯಾ, 2 ಇದೆಯಾ, ಮಲ್ಟಿಪಲ್ ಇದೆಯಾ ಅಂತ ನೋಡಿಕೊಂಡೇ ವಾಪಸ್ ದಾರಿ ಗೊತ್ತು ಮಾಡಿ.

ಯುರೋಪಿಗೇ ಹೋಗುವವರಿಗೆ ವೀಸಾ ಸಮಸ್ಯೆ ಇಲ್ಲದಿದ್ದರೂ ಹೊತ್ತಿನ ಸಮಸ್ಯೆ ಇದೆ. ಮೊದಲು ಇಳಿಯುವ ಷೆಂಗೆನ್ ಏರ್‌ಪೋರ್ಟ್‌ನಲ್ಲೇ ಇಮಿಗ್ರೇಷನ್ ಆಗುತ್ತದೆ, ಕೊನೆಯ ಊರಿನಲ್ಲಿ ಅಲ್ಲ. ಬೆಂಗಳೂರಿನಿಂದ ಹೋದವರಿಗೆ ಅಲ್ಲಿ ಸೆಕ್ಯುರಿಟಿ ತಪಾಸಣೆಯೂ ಮತ್ತೊಮ್ಮೆ ಆಗುತ್ತದೆ. ಎರಡು ಕ್ಯೂ, ಆಮೇಲೆ ಗೇಟ್‌ಗೆ ಉದ್ದದ ನಡಿಗೆ. 2025ರ ಅಕ್ಟೋಬರ್ 12ರಿಂದ ಪಾಸ್‌ಪೋರ್ಟ್‌ಗೆ ಸೀಲ್ ಹಾಕುವ ಬದಲು ಮುಖದ ಫೋಟೊ, ಬೆರಳಚ್ಚು ನೋಡಿ ಕಂಪ್ಯೂಟರ್‌ನಲ್ಲಿ ದಾಖಲಿಸುವ ಹೊಸ ಪದ್ಧತಿ ಹಂತಹಂತವಾಗಿ ಶುರುವಾಗಿದೆ. ಮೊದಲ ಸಲ ದಾಖಲಾಗುವವರಿಗೆ ಜಾಸ್ತಿ ಹೊತ್ತು ಹಿಡಿಯುತ್ತದೆ. ಒಂದು ಗಂಟೆಯೂ ಇಲ್ಲದ ಲೇಓವರ್ ಅನ್ನು ಏರ್‌ಲೈನ್‌ಗಳು ಈಗಲೂ ಮಾರುತ್ತವೆ. ವಯಸ್ಸಾದವರ ಜೊತೆ ಇದ್ದರೆ ನಾನಂತೂ ಮೂರು ಗಂಟೆಗಿಂತ ಕಡಿಮೆ ಇರುವುದನ್ನು ನೋಡುವುದೂ ಇಲ್ಲ. ವೀಲ್‌ಚೇರ್ ಕೇಳಿಕೊಳ್ಳಿ, ನಾಚಿಕೆ ಬೇಡ.

ಕಸ್ಟಮ್ಸ್ ಕಥೆ ಬೇರೆ ಥರ. ಒಂದೇ ಬುಕಿಂಗ್‌ನಲ್ಲಿ ಯುರೋಪಿಯನ್ ಒಕ್ಕೂಟದೊಳಗೆ ಮುಂದಕ್ಕೆ ಹೋಗುವುದಾದರೆ ಚೆಕ್-ಇನ್ ಮಾಡಿದ ಸೂಟ್‌ಕೇಸ್‌ಗೆ ಕಸ್ಟಮ್ಸ್ ಆಗುವುದು ಕೊನೆಯ ಏರ್‌ಪೋರ್ಟ್‌ನಲ್ಲಿ, ಕೈಚೀಲಕ್ಕೆ ಮಾತ್ರ ಮೊದಲನೆಯದರಲ್ಲೇ. ಕೊನೆಯ ಊರಿನಲ್ಲಿ ಒಳನಾಡಿನ ಜನರ ಜೊತೆಗೇ ಬೆಲ್ಟ್ ಹತ್ತಿರ ನಿಂತಿರುತ್ತೀರಿ, ಅವರೆಲ್ಲ ನೀಲಿ ದಾರಿಯಲ್ಲಿ ಹೊರಡುತ್ತಾರೆ, ಅವರ ಹಿಂದೆ ಹೋಗಬೇಡಿ. ಅದು ಒಕ್ಕೂಟದೊಳಗಿಂದಲೇ ಹೊರಟ, ಹಸಿರು ಅಂಚಿನ ಟ್ಯಾಗ್ ಇರುವ ಸಾಮಾನಿಗೆ. ಬೆಂಗಳೂರಿನ ಟ್ಯಾಗ್‌ನಲ್ಲಿ ಹಸಿರು ಅಂಚು ಇರಲ್ಲ, ನಮ್ಮದು ಹಸಿರು ದಾರಿ (ಕಸ್ಟಮ್ಸ್‌ಗೆ ಹೇಳುವಂಥದ್ದು ಏನೂ ಇಲ್ಲದಿದ್ದರೆ) ಅಥವಾ ಕೆಂಪು ದಾರಿ (ಇದ್ದರೆ). ಇಮಿಗ್ರೇಷನ್ ಗಡಿಯೂ ಕಸ್ಟಮ್ಸ್ ಗಡಿಯೂ ಒಂದೇ ಅಲ್ಲ ಅನ್ನೋದೂ ತಲೆಯಲ್ಲಿರಲಿ. ಸ್ವಿಟ್ಜರ್ಲೆಂಡ್, ನಾರ್ವೆ ಷೆಂಗೆನ್‌ನಲ್ಲಿವೆ, ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಅವರ ಕಸ್ಟಮ್ಸ್ ಅವರದೇ. ಐರ್ಲೆಂಡ್ ಇದರ ಉಲ್ಟಾ.

ನಮ್ಮವರ ಸೂಟ್‌ಕೇಸ್‌ನಲ್ಲಿ ಕಸ್ಟಮ್ಸ್‌ಗೆ ಸಿಕ್ಕಿಬೀಳುವುದು ಚಿನ್ನಕ್ಕಿಂತ ತಿಂಡಿ. ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನ ದೇಶಗಳಿಂದ ಹಾಲಿನ, ಮಾಂಸದ ಪದಾರ್ಥ ತರುವಂತಿಲ್ಲ. ಅಂದರೆ ತುಪ್ಪ ಇಲ್ಲ, ಖೋವಾ ಇಲ್ಲ. ಹಸಿ ಕರಿಬೇವು, ಮಾವಿನಹಣ್ಣಿಗೆ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕು, ಅದನ್ನು ಯಾರು ತರುತ್ತಾರೆ? ತೆಂಗಿನಕಾಯಿ, ಬಾಳೆಹಣ್ಣಿಗೆ ಮಾತ್ರ ಆ ಕಾಟ ಇಲ್ಲ. ಹೊಸ ಸಾಮಾನು, ಉಡುಗೊರೆ ಎಲ್ಲಾ ಸೇರಿ ವಿಮಾನದಲ್ಲಿ ಬಂದವರಿಗೆ 430 ಯೂರೋವರೆಗೆ ಸುಂಕ ಇಲ್ಲ. ನಗದು 10,000 ಯೂರೋ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಹೇಳಲೇಬೇಕು. ಉಪ್ಪಿನಕಾಯಿ, ಚಟ್ನಿ ಕೈಚೀಲದಲ್ಲಿ ಬೇಡ, ಸೆಕ್ಯುರಿಟಿಯವರ ಲೆಕ್ಕದಲ್ಲಿ ಅದೂ ದ್ರವವೇ.

ಇನ್ನು ನಮ್ಮ ದುಡ್ಡಿನ ವಿಷಯ. ಮೊದಲ ವಿಮಾನ ಹತ್ತದಿದ್ದರೆ ಅದೇ ಟಿಕೆಟ್‌ನ ಮುಂದಿನದೆಲ್ಲಾ, ವಾಪಸ್ ಬರುವುದೂ ಸೇರಿ, ತಾನಾಗಿ ರದ್ದಾಗುತ್ತದೆ. ನಮಗೂ ಹಾಗೇ ಆಯಿತು. ವೀಸಾ ನೋಡಿಕೊಳ್ಳುವುದು ಪ್ರಯಾಣಿಕರ ಜವಾಬ್ದಾರಿ ಅಂತ ಏರ್‌ಲೈನ್ ಕೈ ತೊಳೆದುಕೊಂಡಿತು, ಅದು ಅವರ ಷರತ್ತಿನಲ್ಲೇ ಇದೆ. ಏಜೆಂಟ್ ಮೊದಲು "ನಾನು ಹಾಗೆ ಹೇಳಿಲ್ಲ" ಅಂದರು, ವಾಟ್ಸಾಪ್ ಮೆಸೇಜ್ ತೋರಿಸಿದ ಮೇಲೆ ತಮ್ಮ ಕಮಿಷನ್ ಮತ್ತು ಒಂದಿಷ್ಟು ದುಡ್ಡು ವಾಪಸ್ ಕೊಟ್ಟರು, ಪೂರ್ತಿ ಅಲ್ಲ. ಉಳಿದದ್ದಕ್ಕೆ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇನೆ, ನಡೆಯುತ್ತಿದೆ. ಅಪ್ಪ ಅಮ್ಮ ಆಮೇಲೆ ದೋಹಾ ಮೇಲೆ ಹೋದರು, ಒಂದೇ ಕಡೆ ವಿಮಾನ ಬದಲಾವಣೆ, ಒಂದೇ ಬುಕಿಂಗ್. ಏಜೆಂಟ್ ಏನೇ ಹೇಳಿದರೂ ಬರಹದಲ್ಲಿ ತಗೊಳ್ಳಿ, ಟಿಕೆಟ್ ಖಚಿತವಾಗುವ ಮೊದಲು ಏರ್‌ಲೈನ್‌ಗೇ ಫೋನ್ ಮಾಡಿ ನಿಮ್ಮ ಪೂರ್ತಿ ದಾರಿ ಓದಿ ಹೇಳಿ ಕೇಳಿ. ಯಾರಿಗಾದ್ರೂ ಇಂಥ ಎರಡು ಊರಿನ ಟಿಕೆಟ್ ಈಗಾಗಲೇ ಕೈಯಲ್ಲಿದ್ದರೆ ಇವತ್ತೇ ಬದಲಾಯಿಸಲಿಕ್ಕೆ ನೋಡಿ, ಹೊರಡುವ ದಿನ ಹತ್ತಿರ ಬಂದಷ್ಟೂ ಕಡಿತ ಜಾಸ್ತಿ.